ಉಚಿತ ಸಾವಯವ ಸರ್ಟಿಫಿಕೇಟ್ ಸರಿ, ಆದರೆ ಯಾರ ಹೆಸರಿಗೆ?

ಎರಡು ಎಕರೆ ಅರಿಶಿನ, ಮೂರು ವರ್ಷದಿಂದ ಯೂರಿಯಾ ಮುಟ್ಟಿಸಿಲ್ಲ. ಒಂದು ಕಂಪನಿಯವರು ಖರ್ಚಿಲ್ಲದೆ ಸಾವಯವ ಸರ್ಟಿಫಿಕೇಟ್ ಮಾಡಿಸಿಕೊಡ್ತೀವಿ ಅಂತಿದ್ದಾರೆ, ಅವರ ಗುಂಪಿಗೆ ಸೇರಲಾ, ಇಲ್ಲ ನಾನೇ ದುಡ್ಡು ಕೊಟ್ಟು ಮಾಡಿಸಲಾ ಅಂತ ಕೇಳಿದ್ದೀರಿ. ಇನ್ನೂ ಸಹಿ ಹಾಕಿಲ್ಲ ತಾನೇ?

ನಾನು ಹಾಕಿದ್ದೆ. ನಮ್ಮದು ಗುಂಡ್ಲುಪೇಟೆ ಕಡೆ. ಅರಿಶಿನ, ಜೊತೆಗೆ ಸಣ್ಣ ಈರುಳ್ಳಿ. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ಜೀವಾಮೃತ ಇಷ್ಟರಲ್ಲೇ ಬೆಳೆಯುತ್ತಿದ್ದೆ. ಆಗ ಕಂಪನಿಯೊಂದರ ಹುಡುಗ ಬೈಕಿನಲ್ಲಿ ಬಂದ. ಒಳ್ಳೆ ಹುಡುಗ, ಅವನ ಮೇಲೆ ನನಗೆ ಈಗಲೂ ಸಿಟ್ಟಿಲ್ಲ. "ಅಣ್ಣ, ನಿಮ್ಮದು ಹೇಗೂ ಸಾವಯವನೇ, ಪಹಣಿ, ಆಧಾರ್ ಕೊಡಿ, ಉಳಿದಿದ್ದು ನಾವು ನೋಡ್ಕೋತೀವಿ" ಅಂದ. ಒಪ್ಪಂದ ಇಂಗ್ಲಿಷಿನಲ್ಲಿತ್ತು. ಊಟದ ಹೊತ್ತು ಬೇರೆ. ಎಲ್ಲೆಲ್ಲಿ ಪೆನ್ಸಿಲ್ ಗುರುತು ಹಾಕಿದ್ದನೋ ಅಲ್ಲೆಲ್ಲ ಸಹಿ ಹಾಕಿಕೊಟ್ಟೆ.

ಮೊದಲ ವರ್ಷಗಳು ಚೆನ್ನಾಗೇ ಇದ್ದವು. ಬೆಳೆ ಅವರೇ ಕೊಂಡರು, ಮಂಡಿ ದರದ ಮೇಲೆ ಸ್ವಲ್ಪ ಸೇರಿಸಿಯೇ ಕೊಟ್ಟರು. ಹೊಲದ ಡೈರಿ ಅವರದೇ. ಹುಡುಗ ಬಂದಾಗ ಜಗುಲಿ ಮೇಲೆ ಕೂತು ಮೂರು ನಾಲ್ಕು ತಿಂಗಳ ಲೆಕ್ಕ ಒಂದೇ ಸಲ, ಒಂದೇ ನೀಲಿ ಪೆನ್ನಿನಲ್ಲಿ ಬರೆಯುತ್ತಿದ್ದ. ಕಳೆ ತೆಗೆದಿದ್ದು ಯಾವಾಗ, ಹಿಂಡಿ ಹಾಕಿದ್ದು ಎಷ್ಟು ಅಂತ ಕೇಳುತ್ತಿದ್ದ, ನಾನು ಅಂದಾಜಿಗೆ ಹೇಳುತ್ತಿದ್ದೆ. ಬರೆದಾದ ಮೇಲೆ ಡೈರಿ ಅವನ ಬ್ಯಾಗಿಗೆ ಹೋಗುತ್ತಿತ್ತು. ಒಂದು ಜೆರಾಕ್ಸ್ ಆದರೂ ಇಟ್ಟುಕೊಳ್ಳೋಣ ಅಂತ ನನಗೆ ಹೊಳೆಯಲಿಲ್ಲ.

ಆಮೇಲೆ ಒಂದು ವರ್ಷ ಅವರಿಗೆ ಹೊರಗಿನ ಬೇಡಿಕೆ ಕಡಿಮೆಯಾಯಿತು. ಈ ಸಲ ಬೇಡ ಅಂದರು. ಬೇಯಿಸಿ, ಒಣಗಿಸಿ, ಪಾಲಿಶ್ ಮಾಡಿದ ಮಾಲು ಮನೆಯಲ್ಲಿತ್ತು. ನಾನೇನೂ ಗಾಬರಿಯಾಗಲಿಲ್ಲ, ಸರ್ಟಿಫಿಕೇಟ್ ಇದೆಯಲ್ಲ ಅಂತ ಧೈರ್ಯ. ಬೆಂಗಳೂರಿನ ಒಂದು ಸಾವಯವ ಅಂಗಡಿಯವರಿಗೆ ಫೋನ್ ಮಾಡಿದೆ, ಸ್ಯಾಂಪಲ್ ಕಳಿಸಿದೆ, ಇಷ್ಟಪಟ್ಟರು. ದಾಖಲೆ ಕಳಿಸಿ ಅಂದರು. ನನ್ನ ಹತ್ತಿರ ಇದ್ದಿದ್ದು ಗುಂಪಿನ ಸದಸ್ಯರ ಕಾರ್ಡ್, ಅದರ ಫೋಟೋ ಕಳಿಸಿದೆ. "ಇದಲ್ಲ ಸರ್, ಸ್ಕೋಪ್ ಸರ್ಟಿಫಿಕೇಟ್ ಬೇಕು, ಈ ಮಾಲಿಗೆ ಟ್ರಾನ್ಸಾಕ್ಷನ್ ಸರ್ಟಿಫಿಕೇಟ್ ಬೇಕು" ಅಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನಗೆ ಆಗ ಯಾರೂ ಹೇಳಲಿಲ್ಲ. ಎನ್‌ಪಿಒಪಿ ಅಂತ ಸಾವಯವ ಸರ್ಟಿಫಿಕೇಟಿಗೆ ಕೇಂದ್ರದ ಕಾರ್ಯಕ್ರಮ ಇದೆ, 2001ರಿಂದ ಇರುವಂಥದ್ದು, ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಅಪೆಡಾ ಅದನ್ನು ನಡೆಸುತ್ತದೆ. ಅದರಲ್ಲಿ ಸ್ಕೋಪ್ ಸರ್ಟಿಫಿಕೇಟ್ ಅಂದರೆ ಇಂಥವರು, ಇಂಥ ಜಮೀನಿನಲ್ಲಿ, ಇಂಥ ಬೆಳೆ ಸಾವಯವವಾಗಿ ಬೆಳೆಯುತ್ತಾರೆ ಅನ್ನುವ ಪತ್ರ. ಪ್ರತಿ ವರ್ಷ ತಪಾಸಣೆ ಮಾಡಿಸಿ ಹೊಸದು ಪಡೆಯಬೇಕು. ಮಾಲು ಮಾರಿದಾಗ, ಇಷ್ಟು ಕ್ವಿಂಟಾಲ್ ಇಂಥವರಿಗೆ ಹೋಯಿತು ಅಂತ ಟ್ರಾನ್ಸಾಕ್ಷನ್ ಸರ್ಟಿಫಿಕೇಟ್ ಬೇರೆ ಆಗಬೇಕು. ಅದನ್ನು ಕೇಳಿ ಪಡೆಯುವ ಹಕ್ಕು ಸ್ಕೋಪ್ ಸರ್ಟಿಫಿಕೇಟ್ ಯಾರ ಹೆಸರಿನಲ್ಲಿದೆಯೋ ಅವರಿಗೆ. ನಮ್ಮ ಗುಂಪಿನಲ್ಲಿ ಅದು ಇದ್ದಿದ್ದು ಕಂಪನಿ ಹೆಸರಿನಲ್ಲಿ. ನಾನು, ನನ್ನ ಸರ್ವೆ ನಂಬರು, ಅದರ ಹಿಂದೆ ಲಗತ್ತಿಸಿದ ರೈತರ ಪಟ್ಟಿಯಲ್ಲಿ ಒಂದು ಸಾಲು. ಬೇರೆಯವರ ರೇಷನ್ ಕಾರ್ಡಿನಲ್ಲಿ ಹೆಸರು ಸೇರಿಸಿದ ಹಾಗೆ. ಹೆಸರು ಇದೆ, ಅಂಗಡಿಗೆ ಹೋದರೆ ನಿಮಗೆ ಅಕ್ಕಿ ಕೊಡಲ್ಲ.

ಕಂಪನಿಗೆ ಫೋನ್ ಮಾಡಿದೆ. ಬೇರೆಯವರಿಗೆ ಮಾರಲು ನಾವು ಯಾಕೆ ಕಾಗದ ಮಾಡಿಸಿಕೊಡಬೇಕು ಅಂದರು. ಅವರ ಲೆಕ್ಕದಲ್ಲಿ ಅದು ಸರಿಯೇ, ದುಡ್ಡು ಕಟ್ಟಿದ್ದು ಅವರು. ಒಪ್ಪಂದವನ್ನು ಅಕ್ಕನ ಮಗನ ಹತ್ತಿರ ಓದಿಸಿದೆ. ಬೆಳೆಯನ್ನು ಮೊದಲು ಅವರಿಗೇ ತೋರಿಸಬೇಕು ಅಂತ ಇತ್ತು, ಅವರು ಕೊಳ್ಳಲೇಬೇಕು ಅಂತ ಎಲ್ಲೂ ಇರಲಿಲ್ಲ.

ಕೊನೆಗೆ ಮಾಲು ಮಂಡಿಗೇ ಹೋಯಿತು. ದಲ್ಲಾಳಿ ಚೀಲಕ್ಕೆ ಕೈ ಹಾಕಿ ಒಂದು ಕೊಂಬು ತೆಗೆದ, ಪಟ್ ಅಂತ ಮುರಿದ, ಒಳಗಿನ ಬಣ್ಣ ನೋಡಿದ, ಟವೆಲ್ಲಿಗೆ ಒರೆಸಿಕೊಂಡ, ದರ ಹೇಳಿದ. ಪಕ್ಕದ ರಾಶಿಗೂ ಅದೇ ದರ.

ಅಷ್ಟಕ್ಕೇ ಮುಗಿದಿದ್ದರೆ ಒಂದು ವರ್ಷದ ನಷ್ಟ ಅಂತ ಬಿಡಬಹುದಿತ್ತು. ಗುಂಪು ಬಿಟ್ಟು ನನ್ನದೇ ಹೆಸರಿನಲ್ಲಿ ಮಾಡಿಸೋಣ ಅಂತ ಹೊರಟೆ. ಸರ್ಟಿಫಿಕೇಟ್ ಕೊಡುವವರು ಹಿಂದಿನ ವರ್ಷಗಳ ದಾಖಲೆ ಕೇಳಿದರು. ಡೈರಿ, ತಪಾಸಣೆ ವರದಿ ಎಲ್ಲ ಕಂಪನಿಯಲ್ಲಿ. ಹಿಂಡಿ ತಂದ ಬಿಲ್ಲು ನಾನು ಇಟ್ಟಿರಲಿಲ್ಲ. ಆ ಹುಡುಗ ಅಷ್ಟು ಹೊತ್ತಿಗೆ ಕೆಲಸ ಬಿಟ್ಟಿದ್ದ. ಕಾಗದ ಇಲ್ಲದ ಸಾವಯವ ಸಾವಯವ ಅಲ್ಲ, ಲೆಕ್ಕ ಮತ್ತೆ ಮೊದಲಿನಿಂದ. ಪರಿವರ್ತನೆ ಅವಧಿ, ಅಂದರೆ ಜಮೀನನ್ನು ಸಾವಯವ ಅಂತ ಒಪ್ಪುವ ಮುಂಚೆ ಕಾಯಬೇಕಾದ ಕಾಲ, ವಾರ್ಷಿಕ ಬೆಳೆಗೆ ಎರಡು ವರ್ಷ, ತೆಂಗು ಕಾಫಿಯಂಥ ಬಹುವಾರ್ಷಿಕಕ್ಕೆ ಮೂರು. ನನ್ನ ಮಣ್ಣು ಆಗಲೇ ಎಷ್ಟೋ ವರ್ಷದಿಂದ ಸಾವಯವ, ಕಾಗದದಲ್ಲಿ ಮಾತ್ರ ಹಸುಗೂಸು.

ಈಗ ನಿಯಮ ಸ್ವಲ್ಪ ಬದಲಾಗಿದೆ. 2025ರ ಜನವರಿಯಲ್ಲಿ ಎನ್‌ಪಿಒಪಿಯ ಎಂಟನೇ ಆವೃತ್ತಿ ಬಂತು, ರೈತರ ಗುಂಪಿಗೇ ಕಾನೂನಿನ ಸ್ಥಾನ ಕೊಟ್ಟಿದ್ದಾರೆ. ನನ್ನಂಥವರು ಪಟ್ಟ ಪಾಡಿಗೆ ತಡವಾಗಿ ಬಂದ ಔಷಧಿ ಅಂತ ನನ್ನ ಭಾವನೆ. ಆದರೂ ನಿಮ್ಮ ಮನೆಗೆ ಬಂದವರನ್ನು ನೇರವಾಗಿ ಕೇಳಿ: ಸರ್ಟಿಫಿಕೇಟ್ ಯಾರ ಹೆಸರಿಗೆ? ನೀವು ಕೊಳ್ಳದಿದ್ದರೆ ನಾನು ಬೇರೆಯವರಿಗೆ ಮಾರಲು ಕಾಗದ ಕೊಡ್ತೀರಾ? ಡೈರಿ ನನ್ನ ಮನೆಯಲ್ಲಿ ಇರುತ್ತಾ? ಬಾಯಲ್ಲಿ ಹೂಂ ಅಂದರೆ ಸಾಲದು, ಒಪ್ಪಂದದಲ್ಲಿ ಕನ್ನಡದಲ್ಲಿ ಬರೆಸಿ.

ಇನ್ನು ನಿಮ್ಮ ಪ್ರಶ್ನೆ. ಗುಂಪಾ, ಸ್ವಂತಾನಾ ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ ಈಗ ಎರಡೂ ಬೇಡ. ನೀವು ಯಾರಿಗೆ ಮಾರುತ್ತೀರಿ ಅಂತ ಒಂದು ಸಾಲೂ ಬರೆದಿಲ್ಲ. ಕೊಳ್ಳುವವರು ಗೊತ್ತಿಲ್ಲದೆ ಎರಡು ಎಕರೆಗೆ ಪ್ರತಿ ವರ್ಷ ತಪಾಸಣೆ ಶುಲ್ಕ ಕಟ್ಟುವುದು ದುಡ್ಡು ದಂಡ. ವಿದೇಶಕ್ಕೆ ಕಳಿಸುವವರು ಸಿಕ್ಕಿ, ಬರಹದಲ್ಲಿ ಕೇಳಿದರೆ ಆಗ ಎನ್‌ಪಿಒಪಿ ನೋಡಿ.

ಮನೆಯಲ್ಲೇ ಪುಡಿ ಮಾಡಿ ಮೈಸೂರಿನ ನಾಲ್ಕು ಜನಕ್ಕೆ ನೇರ ಕೊಡುವುದಾದರೆ ಸರ್ಟಿಫಿಕೇಟೇ ಬೇಕಿಲ್ಲ. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2017ರ ಸಾವಯವ ಆಹಾರ ನಿಯಮದಲ್ಲೇ ಸಣ್ಣ ಬೆಳೆಗಾರರಿಗೆ ವಿನಾಯಿತಿ ಇದೆ. ವರ್ಷದ ವಹಿವಾಟು 12 ಲಕ್ಷದೊಳಗೆ ಇರಬೇಕು, ತಿನ್ನುವವರಿಗೇ ನೇರ ಮಾರಬೇಕು, ಪೊಟ್ಟಣದ ಮೇಲೆ ಸಾವಯವದ ಅಧಿಕೃತ ಗುರುತಾದ ಜೈವಿಕ್ ಭಾರತ್ ಲೋಗೋ ಹಾಕುವ ಹಾಗಿಲ್ಲ. ಪುಡಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾತ್ರ ಮಾಡಿಸಲೇಬೇಕು. ಅಂಗಡಿಗೆ ಕೊಟ್ಟರೆ ಈ ವಿನಾಯಿತಿ ನಡೆಯಲ್ಲ, ಅಂಗಡಿಯವರು ತಿನ್ನುವವರಲ್ಲ.

ಅಂಗಡಿಗೂ ಕೊಡಬೇಕು ಅಂದರೆ ಪಿಜಿಎಸ್ ಇಂಡಿಯಾ ಇದೆ. ಅಕ್ಕಪಕ್ಕದ ಊರಿನ ಕನಿಷ್ಠ ಐದು ಜನ ರೈತರು ಗುಂಪು ಮಾಡಿಕೊಂಡು, ಒಬ್ಬರ ಹೊಲ ಇನ್ನೊಬ್ಬರು ನೋಡಿ ಜವಾಬ್ದಾರಿ ಹೊರುವ ಪದ್ಧತಿ. ಪರಿವರ್ತನೆಯಲ್ಲಿ ಇರುವಾಗ ಪಿಜಿಎಸ್ ಗ್ರೀನ್, ಮುಗಿದ ಮೇಲೆ ಪಿಜಿಎಸ್ ಆರ್ಗ್ಯಾನಿಕ್. ದೇಶದೊಳಗೆ ನಡೆಯುತ್ತದೆ, ರಫ್ತಿಗೆ ಆಗಲ್ಲ. ನಾನೀಗ ಇದರಲ್ಲಿದ್ದೇನೆ. ಗುಂಪಿಗೆ ಜನ ಸೇರಿಸುವಾಗ ದಾಕ್ಷಿಣ್ಯ ಬೇಡ. ಹೇಳದೆ ಕೇಳದೆ ಅವರ ಪಂಪ್‌ಹೌಸಿನೊಳಗೆ ಇಣುಕಿ, ಮೂಲೆಯಲ್ಲಿ ಯಾವ ಡಬ್ಬ ಇದೆ ಅಂತ ನೋಡುವಷ್ಟು ಸಲುಗೆ ಇರಬೇಕು. ನಮ್ಮ ಗುಂಪಿಗೆ ಮಾವನೊಬ್ಬರನ್ನು ಸೇರಿಸಿಕೊಳ್ಳಲಿಲ್ಲ, ಇವತ್ತಿಗೂ ಮದುವೆ ಮನೆಗಳಲ್ಲಿ ಮಾತಾಡಿಸಲ್ಲ.

ಪಹಣಿ ಇನ್ನೂ ತಂದೆ ಹೆಸರಿನಲ್ಲೇ ಇದೆ ಅಂತ ಬರೆದಿದ್ದೀರಿ. ಅವರು ಇಲ್ಲದಿದ್ದರೆ ಪೌತಿ ಖಾತೆಗೆ ಅರ್ಜಿ ಕೊಡಿ, ಇದ್ದರೆ ಒಪ್ಪಿಗೆ ಪತ್ರ ಬರೆಸಿಟ್ಟುಕೊಳ್ಳಿ. ಹಾಗೇ ಪಕ್ಕದ ಅಣ್ಣನ ಪಾಲಿನಲ್ಲಿ ಹೊಡೆದ ಔಷಧಿ ಹಾರಿ ಬರದ ಹಾಗೆ ಬದುವಿನುದ್ದಕ್ಕೂ ಜಾಗ ಬಿಡಿ. ಆ ಜಾಗಕ್ಕೆ ಹತ್ತಿದ ಸಾಲಿನ ಅರಿಶಿನವನ್ನು ಬೇರೆ ಚೀಲಕ್ಕೆ ತುಂಬಿ, ಬಾಡಿಗೆ ಪಾಲಿಶ್ ಡ್ರಮ್ ತಂದರೆ ನಿಮ್ಮ ಕಣ್ಣೆದುರೇ ತೊಳೆಸಿ.

ಈ ವಾರ ಮಾಡಬೇಕಾದ ಕೆಲಸ ಬೇರೆ ಇದೆ. ಮೂರು ವರ್ಷದ ಬಿಲ್ಲು ಹುಡುಕಿ. ಹಿಂಡಿ, ಬಿತ್ತನೆ ಗಡ್ಡೆ, ಕೊಳೆ ರೋಗಕ್ಕೆ ಹಾಕುವ ಟ್ರೈಕೋಡರ್ಮಾ ಶಿಲೀಂಧ್ರ, ಮಂಡಿ ಚೀಟಿ, ಏನು ಸಿಕ್ಕರೂ ಸರಿ. ಹೊಸ ಆವೃತ್ತಿಯಲ್ಲಿ ಕೆಲವು ಷರತ್ತಿನ ಮೇಲೆ ಪರಿವರ್ತನೆ ಅವಧಿಯನ್ನು ಕಡಿಮೆ ಮಾಡಲು ಅವಕಾಶ ಇದೆ. ಅದಕ್ಕೂ ಪುರಾವೆ ಬೇಕಲ್ವಾ? ಮಳೆಗಾಲದಲ್ಲಿ ಥರ್ಮಲ್ ಕಾಗದದ ಬಿಲ್ಲು ಅಳಿಸಿಹೋಗುತ್ತೆ, ಸಿಕ್ಕ ತಕ್ಷಣ ಜೆರಾಕ್ಸ್ ಮಾಡಿಸಿ.