ಬೈಬಲ್‌ನಲ್ಲಿ ಬಾವಿಗಾಗಿ ಅಷ್ಟೊಂದು ಜಗಳ ಯಾಕೆ?

ಇಸ್ರಾಯೇಲ್ಯರ ಮೂಲಪುರುಷ ಅಬ್ರಹಾಮ ತೋಡಿಸಿದ್ದ ಬಾವಿಗಳಿಗೆ ಗೆರಾರ್ ಸೀಮೆಯ ಫಿಲಿಷ್ಟಿಯರೆಂಬ ಜನ ಮಣ್ಣು ತುಂಬಿ ಮುಚ್ಚಿದರು ಅಂತ ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡದ 26ನೇ ಅಧ್ಯಾಯದಲ್ಲಿ ಬರುತ್ತದೆ. ಒಳ್ಳೆ ನೀರಿನ ಬಾವಿಯನ್ನು ಯಾರಾದರೂ ಸುಮ್ನೆ ಮುಚ್ಚುತ್ತಾರಾ? ಆ ಒಣ ಸೀಮೆಯಲ್ಲಿ ಬಾವಿ ತೋಡುವುದೆಂದರೆ ಆ ಜಾಗದ ಮೇಲೆ ಹಕ್ಕು ಹೇಳಿದ ಹಾಗೆ. ಮುಚ್ಚಿದರೆ ಆ ಹಕ್ಕನ್ನೇ ಅಳಿಸಿದ ಹಾಗೆ. ಕುರಿ, ಮೇಕೆ ಸಾಕುವವರಿಗೆ ನೀರಿಲ್ಲದ ಮೇಲೆ ಅಲ್ಲಿಂದ ಹೊರಡುವುದೊಂದೇ ದಾರಿ.

ಮಗ ಇಸಾಕ ಅವನ್ನು ಮತ್ತೆ ತೋಡಿಸಿ, ಅಪ್ಪ ಇಟ್ಟಿದ್ದ ಹೆಸರುಗಳನ್ನೇ ಇಟ್ಟ. ನನಗೆ ಇದು ತುಂಬಾ ಹಿಡಿಸಿದ ಭಾಗ. ಆಮೇಲೆ ಹೊಸ ಬಾವಿಯೊಂದರಲ್ಲಿ ಸೆಲೆ ಸಿಕ್ಕಿತು. ಗೆರಾರಿನ ಕುರುಬರು "ನೀರು ನಮ್ಮದು" ಅಂತ ಜಗಳ ತೆಗೆದರು. ಅದಕ್ಕೆ 'ಏಸೆಕ್' ಅಂದರೆ ಜಗಳ ಅಂತಲೇ ಹೆಸರಾಯಿತು. ಮುಂದಿನದು 'ಸಿಟ್ನಾ', ಹಗೆತನ. ಮೂರನೆಯದಕ್ಕೆ ಯಾರೂ ತಕರಾರು ಮಾಡಲಿಲ್ಲ. ಅದು 'ರೆಹೋಬೋತ್', ವಿಶಾಲವಾದ ಜಾಗ.

ಬಾವಿಯೇ ಊರಿನ ಹೆಸರಾಗಿದ್ದೂ ಉಂಟು. ಇಸ್ರೇಲಿನ ದಕ್ಷಿಣದ ಊರು ಬೇರ್ಷೆಬದ 'ಬೇರ್' ಅಂದರೆ ಹೀಬ್ರೂ ಭಾಷೆಯಲ್ಲಿ ಬಾವಿ. ಅಲ್ಲಿನ ಹಳೆ ದಿಬ್ಬದಲ್ಲಿ ಸುಮಾರು 69 ಮೀಟರ್ ಆಳದ ಬಾವಿ ಸಿಕ್ಕಿದೆ. ಪಂಪ್ ಇಲ್ಲದ ಕಾಲದಲ್ಲಿ ಅಷ್ಟು ಆಳದಿಂದ ಹಗ್ಗ ಎಳೆದು ನೀರು ಸೇದಬೇಕಿತ್ತು. ಮುಂದೆ ಇಸಾಕನ ಹೆಂಡತಿಯಾದ ರೆಬೆಕ್ಕ ತನ್ನೂರಿನ ಬಾವಿಯಲ್ಲಿ ಒಬ್ಬಳೇ ಕೊಡದಲ್ಲಿ ಹತ್ತು ಒಂಟೆಗಳಿಗೆ ನೀರು ಕೊಟ್ಟಳಲ್ಲ, ಬಾಯಾರಿದ ಒಂದು ಒಂಟೆಯೇ ನೂರು ಲೀಟರ್‌ವರೆಗೆ ಕುಡಿಯಬಲ್ಲದು!