“ಹೀಗೆ ಕೇಳಿದ್ದಕ್ಕೆ ದೇವರು ಸಿಟ್ಟಾದರೆ?”

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಉಡುಪಿ ಕಡೆಯ ತಾಯಿ, ವಯಸ್ಸು 58. ಗಂಡ ತೀರಿಕೊಂಡಿದ್ದಾರೆ. ಮಗಳು ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಇದೇ ಕತೆ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಾಗಿ ಗಾಜಾ ಯುದ್ಧ ಶುರುವಾದಾಗಿನಿಂದ ಇವರಿಗೆ ಸರಿಯಾಗಿ ನಿದ್ದೆಯಿಲ್ಲ. 2025ರ ಜೂನಿನಲ್ಲಿ ಇರಾನಿನ ಕ್ಷಿಪಣಿಗಳು ಬೀಳತೊಡಗಿದ ಮೇಲೆ ರಾತ್ರಿ ಎರಡು ಗಂಟೆಗೂ ಮೊಬೈಲ್ ಕೈಯಲ್ಲೇ. ಅವರ ತಂಗಿ ಆಪ್ತಸಲಹೆಗೆಂದು ನನ್ನ ಹತ್ತಿರ ಕರೆದುಕೊಂಡು ಬಂದರು.

ಮೊದಲ ಸಲ ಬರೀ ಮಗಳ ಮಾತು. ಎರಡನೇ ಸಲ, ಎದ್ದು ಹೊರಡುವ ಹೊತ್ತಿಗೆ, ಒಳಗಿನ ಸಂಕಟ ಹೊರಬಂತು.

“ನನ್ನ ಮಗಳನ್ನು ಕಾಪಾಡು ಸ್ವಾಮಿ ಅಂತೇನೆ. ಅಷ್ಟರಲ್ಲಿ ಗಾಜಾದ ಮಕ್ಕಳ ಮುಖ ಕಣ್ಣೆದುರು ಬರ್ತದೆ. ಅವರಿಗೂ ತಾಯಂದಿರಿದ್ದಾರೆ ಅಲ್ವಾ ಮೇಡಂ? ಅವರ ಪ್ರಾರ್ಥನೆ ಎಲ್ಲಿ ಹೋಯ್ತು? ಹೀಗೆ ಕೇಳಿದ್ದಕ್ಕೆ ದೇವರು ನನ್ನ ಮಗಳ ಮೇಲೆ ಸಿಟ್ಟಾದರೆ?”

ಚರ್ಚಿನ ಸಭೆಯಲ್ಲಿ ಯಾರೋ “ನಿಮಗೆ ವಿಶ್ವಾಸ ಸಾಲದು” ಅಂದಿದ್ದರಂತೆ. ದಯವಿಟ್ಟು ಯಾರಿಗೂ ಹಾಗೆ ಹೇಳಬೇಡಿ.

ಅವರ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಇಬ್ಬರೂ ಕೂತು ಬೈಬಲಿನ ಕೀರ್ತನೆ 13 ಓದಿದೆವು. ಅದು ಶುರುವಾಗುವುದೇ ‘ಇನ್ನೆಷ್ಟು ದಿನ’ ಎಂಬ ದೂರಿನಿಂದ. ಆಮೇಲೆ ಬೈಬಲಿನದೇ ಇನ್ನೊಂದು ಪುಸ್ತಕ, ಪ್ರಲಾಪಗಳು. ಬಾಬೆಲಿನವರು ಯೆರೂಸಲೇಮನ್ನು ಹಾಳುಮಾಡಿದಾಗಿನ ಗೋಳು, ಐದು ಅಧ್ಯಾಯ. ದೇವರ ಕರುಣೆ ದಿನದಿನವೂ ಹೊಸದು ಎಂಬ ಮಾತು ಬರುವುದು ಮೂರನೆಯ ಅಧ್ಯಾಯದಲ್ಲಿ. ಅದಾದ ಮೇಲೂ ಅಳು ನಿಲ್ಲುವುದಿಲ್ಲ. ನಾವು ಆ ಒಂದು ವಚನವನ್ನು ಕ್ಯಾಲೆಂಡರಿಗೆ ಹಾಕಿಕೊಂಡು ಉಳಿದದ್ದನ್ನು ಮರೆತಿದ್ದೇವೆ.

“ಸಿಟ್ಟನ್ನೂ ಆತನ ಹತ್ತಿರವೇ ಹೇಳ್ತಿದ್ದೀರಲ್ಲ ಅಮ್ಮ, ಆತನನ್ನು ನಂಬಿದ್ದಕ್ಕೇ ತಾನೆ?” ಅಂದೆ. ತುಂಬ ಹೊತ್ತು ಅತ್ತರು.

ಲೋಕದ ಅಂತ್ಯ ಯಾವಾಗ ಎಂದು ವಾಟ್ಸಾಪಿನಲ್ಲಿ ಬರುತ್ತಿದ್ದ ಲೆಕ್ಕಾಚಾರಗಳೂ ಹೆದರಿಸಿದ್ದವು. ಮತ್ತಾಯ 24 ತೆಗೆದೆವು. ಯುದ್ಧದ ಸುದ್ದಿ ಕೇಳಿದಾಗ ಕಳವಳಪಡಬೇಡಿ ಎಂದು ಯೇಸು ಹೇಳುವುದೂ ಅಲ್ಲೇ, ಆ ದಿನ ತಂದೆಗೆ ಮಾತ್ರ ಗೊತ್ತು ಎನ್ನುವುದೂ ಅಲ್ಲೇ. ಅಂಥ ಎರಡು ಗ್ರೂಪುಗಳಿಂದ ಹೊರಬಂದರು.

ಸುದ್ದಿಗೆ ಬೆಳಿಗ್ಗೆ, ಸಂಜೆ ಹದಿನೈದು ನಿಮಿಷ ಸಾಕು ಎಂದೆ. ರಾತ್ರಿ ಫೋನ್ ಅಡುಗೆಮನೆಯಲ್ಲಿರಲಿ, ಮಗಳ ರಿಂಗ್ ಮಾತ್ರ ಜೋರಾಗಿರಲಿ. ನಿದ್ದೆಗೆ ಡಾಕ್ಟರನ್ನೂ ನೋಡಬೇಕಿತ್ತು, ಕಳಿಸಿದೆ. ಮಗಳಿಗೆ ದಿನಕ್ಕೆ ಒಂದು ಸಲ, ಒಂದೇ ಹೊತ್ತಿಗೆ ಫೋನ್.

“ಫೋನಿನಲ್ಲಿ ನಾನೇನು ಮಾಡ್ಲಿಕ್ಕಾಗ್ತದೆ?” ಅಂದರು. ಆಗ ಪೋಪ್ ಫ್ರಾನ್ಸಿಸ್ ವಿಷಯ ಹೇಳಿದೆ. ಗಾಜಾದಲ್ಲಿರುವ ಒಂದೇ ಕಥೋಲಿಕ ಚರ್ಚಿಗೆ ಅವರು ಹೆಚ್ಚುಕಡಿಮೆ ಪ್ರತಿ ಸಂಜೆ ಫೋನ್ ಮಾಡುತ್ತಿದ್ದರು. ಇವತ್ತು ಏನು ಊಟ ಮಾಡಿದಿರಿ ಎಂದು ಕೇಳುತ್ತಿದ್ದರು. 2025ರ ಏಪ್ರಿಲ್ 21ರಂದು ತೀರಿಕೊಂಡರು, ಕೊನೆಯ ದಿನಗಳವರೆಗೂ ಅದನ್ನು ಬಿಡಲಿಲ್ಲ. ಅದೇ ವರ್ಷ ಜುಲೈ 17ರಂದು ಆ ಚರ್ಚಿಗೂ ದಾಳಿಯ ಪೆಟ್ಟು ಬಿದ್ದು ಮೂವರು ಸತ್ತರು. ಇದನ್ನೂ ಮುಚ್ಚಿಡಲಿಲ್ಲ.

“ಊಟ ಆಯ್ತಾ ಅಂತ ನಾನೂ ಕೇಳ್ತೇನಲ್ಲ” ಅಂದರು ಮೆಲ್ಲಗೆ.

ಮಗಳ ಜೊತೆಗೆ ಗಾಜಾದ ಒಬ್ಬ ತಾಯಿಗಾಗಿಯೂ ಪ್ರಾರ್ಥಿಸುತ್ತಾರೆ ಈಗ. ಹೆಸರು ಗೊತ್ತಿಲ್ಲ, ‘ಆ ಅಮ್ಮ’ ಅನ್ನುತ್ತಾರೆ. ಸೈರನ್ ಮೊಳಗಿದ ಸುದ್ದಿ ಬಂದರೆ ಆ ರಾತ್ರಿ ಇವತ್ತಿಗೂ ನಿದ್ದೆಯಿಲ್ಲ. ಕಳೆದ ಸಲ ಬಂದಾಗ ಹೇಳಿದರು: “ಕೀರ್ತನೆ 13ರ ಕೊನೆಯ ಎರಡು ವಚನ, ಆ ಸಂತೋಷದ್ದು, ನನಗೆ ಇನ್ನೂ ಬಾಯಿಗೆ ಬರುವುದಿಲ್ಲ ಮೇಡಂ. ಮೊದಲ ನಾಲ್ಕು ಓದಿ ಆಮೆನ್ ಅಂತೇನೆ.”

ಸದ್ಯಕ್ಕೆ ಅಷ್ಟು ಸಾಕಮ್ಮ ಎಂದೆ.