ಊರಲ್ಲೇ ಕಸಾಯಿಖಾನೆ ಬೇಕಾ?

ಪ್ರಶ್ನೆ: ಕುರಿ ಸಾಕಿಯೇ ಬದುಕುವವರು ನಾವು. ನಮ್ಮೂರಲ್ಲಿ ಕುರಿ-ಆಡುಗಳಿಗೆ ಸಣ್ಣ ಕಸಾಯಿಖಾನೆ ಕಟ್ಟುವ ಮಾತು ನಡೆದಿದೆ. ಕಾಲೇಜಿಗೆ ಹೋಗುವ ಮಗಳು, ಇದು ಪ್ರಾಣಿಹಿಂಸೆ, ನೀವು ಬೆಂಬಲಿಸಬೇಡಿ ಅನ್ನುತ್ತಾಳೆ. ಏನು ಮಾಡಲಿ?
– ಕುರಿಗಾರ, ಹುನಗುಂದ ತಾಲ್ಲೂಕು

ಉತ್ತರ: ಬೆಂಬಲಿಸಿ. ಮಗಳ ಸಂಕಟ ನಿಜವಾದದ್ದೇ. ಅವಳನ್ನು ಒಮ್ಮೆ ಅಮೀನಗಡದ ಕುರಿ ಸಂತೆಗೆ ಕರೆದುಕೊಂಡು ಹೋಗಿ, ಲಾರಿಗೆ ಕುರಿ ಹೇರುವುದನ್ನು ತೋರಿಸಿ. ಕಿವಿ ಹಿಡಿದು, ಹಿಂಗಾಲು ಹಿಡಿದು ಮೇಲೆ ಎಳೆಯುತ್ತಾರೆ, ಕೆಳಗೆ ಬಿದ್ದದ್ದರ ಮೇಲೆ ಇನ್ನೊಂದು ನಿಲ್ಲುತ್ತದೆ. ಅಲ್ಲಿಂದ ಬೆಂಗಳೂರು 400 ಕಿಲೋಮೀಟರಿಗೂ ಜಾಸ್ತಿ. ದಾರಿಯಲ್ಲಿ ನೀರು, ಮೇವು ಕೊಡಬೇಕು ಅಂತ 1978ರ ಸಾಗಣೆ ನಿಯಮವೇ ಹೇಳುತ್ತದೆ, ರಾತ್ರಿ ಲಾರಿ ನಿಲ್ಲಿಸಿ ಕೊಡುವವರು ಯಾರು? ಕೊಯ್ಯುವುದನ್ನಂತೂ ತಪ್ಪಿಸಲು ಆಗಲ್ಲ, ಈ ದಾರಿಯನ್ನಾದರೂ ತಪ್ಪಿಸಬಹುದಲ್ವಾ?

ಲುಕ್ಸಾನು ನಿಮಗೂ ಇದೆ. ದಾರಿಯಲ್ಲಿ ಕುರಿ ತೂಕ ಇಳಿಯುತ್ತದೆ, ಒಂದೆರಡು ಸಾಯುತ್ತವೆ. ವ್ಯಾಪಾರಿ ಅದನ್ನೆಲ್ಲ ಮೊದಲೇ ಲೆಕ್ಕ ಹಾಕಿ, ಬೆನ್ನು ಮುಟ್ಟಿ ನೋಡಿ ರೇಟು ಹೇಳುತ್ತಾನೆ. ಸಂಜೆಯಾದ ಮೇಲೆ ಮರಿಯನ್ನು ವಾಪಸ್ ಟಂಟಂ ಆಟೋದಲ್ಲಿ ಹಾಕಿಕೊಂಡು ಬರುವ ಖರ್ಚಿಗೆ ಹೆದರಿ ನೀವು ಒಪ್ಪುತ್ತೀರಿ. ಊರಲ್ಲೇ ಕೊಯ್ದರೆ ತೂಕದ ಮೇಲೆ ಮಾತಾಡಬಹುದು. ಕುರಿಯ ತೂಕದಲ್ಲಿ ಮಾಂಸ ಹೆಚ್ಚುಕಡಿಮೆ ಅರ್ಧ. ಉಳಿದ ತಲೆ, ಕಾಲು, ಬೋಟಿ, ಚರ್ಮಕ್ಕೂ ಬೆಲೆ ಇದೆ, ಅದು ಕುರಿ ಕೊಯ್ದು ಮಾಂಸ ಮಾರುವ ಇಲ್ಲಿಯ ಖಟಿಕರ ಮನೆಗಳಿಗೇ ಸೇರುತ್ತದೆ. ಚರ್ಮ ಸುಲಿಯುವಾಗ ಚಾಕು ತಗುಲಿ ತೂತಾದರೆ ರೇಟು ಬೀಳುತ್ತದೆ, ಕೈ ಪಳಗಿದವರು ಬೇಕು.

ಆದರೆ ಸುಮ್ನೆ ಒಂದು ಶೆಡ್ ಹಾಕಿ ಕೈ ತೊಳೆದುಕೊಳ್ಳಲು ಬಿಡಬೇಡಿ. 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ಪಶುವೈದ್ಯರು ಮೊದಲು ಪ್ರಾಣಿಯನ್ನು ನೋಡಬೇಕು, 24 ಗಂಟೆ ವಿಶ್ರಾಂತಿ ಕೊಡಬೇಕು, ಒಂದರ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದು, ಗಬ್ಬದ ಕುರಿ ಮುಟ್ಟಲೇಬಾರದು. ಈಗ ರಸ್ತೆ ಬದಿಯ ಅಂಗಡಿಯಲ್ಲಿ ಇವುಗಳಲ್ಲಿ ಎಷ್ಟು ನಡೆಯುತ್ತವೆ ನೀವೇ ನೋಡಿದ್ದೀರಿ. ಹೆದರಿದ ಕುರಿಯ ಮಾಂಸ ಕಪ್ಪಾಗಿ ಬೇಗ ಕೆಡುತ್ತದೆ, ಹಾಗಾಗಿ ಆ ವಿಶ್ರಾಂತಿ ತಿನ್ನುವವರಿಗೂ ಬೇಕು.

ನೀರು ಎಲ್ಲಿಂದ, ರಕ್ತದ ನೀರು ಎಲ್ಲಿಗೆ ಅಂತ ಕೇಳಿ. ಮಲಪ್ರಭೆಗೆ ಸೇರುವ ಹಳ್ಳಕ್ಕೆ ಬಿಡುವುದಾದರೆ ನಾನೂ ನಿಮ್ಮ ಮಗಳ ಪಕ್ಷ. ಖಟಿಕರನ್ನೂ ಜೊತೆಗೆ ಕರೆದುಕೊಂಡು ಹೋಗಿ ಅರ್ಜಿ ಕೊಡಿ. ಪಶುವೈದ್ಯರು ವಾರಕ್ಕೆ ಎಷ್ಟು ದಿನ ಬರುತ್ತಾರೆ ಅನ್ನುವುದನ್ನು ಮಾತ್ರ ಬಾಯಿಮಾತಿಗೆ ಬಿಡದೆ ಬರೆಸಿಕೊಳ್ಳಿ.